ತುಟಿ ಮೊದಲು, ಮಾತು ಆಮೇಲೆ

"ನಿಮ್ಮ ಹೀರೋ ಬಾಯಿ ಮುಚ್ಚಿದ್ಮೇಲೆ ಮಾತಾಡ್ತಾನಲ್ಲ, ಹೊಟ್ಟೆಯಿಂದಾನಾ?" ಎಂದು ಡಬ್ಬಿಂಗ್ ನಿರ್ದೇಶಕಿ ಕೇಳಿದಾಗ ಗಾಜಿನಾಚೆ ಕೂತಿದ್ದ ಧ್ವನಿ ತಂತ್ರಜ್ಞ ನಕ್ಕುಬಿಟ್ಟ. ಗಿಳಿ ನಗಲಿಲ್ಲ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಹಾಗೇ ಒಪ್ಪಿಸುತ್ತಾನೆಂದು ಅವನಿಗೆ ಆ ಹೆಸರು. ಇಷ್ಟು ವರ್ಷ ಕಾವಲುಗಾರ, ಗುಂಪಿನಲ್ಲಿ ಕೂಗುವವ, ಒಮ್ಮೆ ಕುದುರೆ, ಹೀಗೆ ದನಿ ಕೊಟ್ಟವನಿಗೆ ಮೊದಲ ಸಲ ಧಾರಾವಾಹಿಯೊಂದರ ನಾಯಕ ಸಿಕ್ಕಿದ್ದ. ಈಗ ನೋಡಿದರೆ ಪ್ರತಿ ಮಾತೂ ತುಟಿಯ ಹಿಂದೆ ಕುಂಟುತ್ತಿತ್ತು.

"ನಾಳೆ ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೀತೀನಿ. ಬೇಜಾರು ಮಾಡ್ಕೋಬೇಡಿ."

ಮನೆಗೆ ಬಂದವನೇ ಟಿವಿ ಮುಂದೆ ಕೂತ. ಮೂಲ ಧಾರಾವಾಹಿ ಆನ್‌ಲೈನಿನಲ್ಲಿತ್ತು. ವಾರದಿಂದ ಅದನ್ನೇ ಹಾಕಿಕೊಂಡು ನಾಯಕನ ದನಿಗೆ ತನ್ನ ದನಿ ಅಂಟಿಸಿ ಅಭ್ಯಾಸ ಮಾಡುತ್ತಿದ್ದ. ಹೆಂಡತಿ ದಂತವೈದ್ಯರ ಸಹಾಯಕಿ, ದಿನವಿಡೀ ಬಾಯಿಗಳನ್ನೇ ನೋಡಿ ಬಂದವಳು. ಚಪ್ಪಲಿ ಬಿಡುತ್ತಲೇ ಸ್ಟುಡಿಯೋದ ಕತೆ ಕೇಳಿಸಿಕೊಂಡು, ಪರದೆ ನೋಡಿ ನಿಂತಳು.

"ರೀ, ತಡ ಆಗ್ತಿರೋದು ನೀವಲ್ಲ, ಅವನು."

"ಯಾವನು?"

"ಟಿವಿಯವನು. ‘ಮ’ ಅನ್ನೋಕೆ ತುಟಿ ಮುಚ್ಬೇಕು ತಾನೆ? ಅವನು ಮುಚ್ಚಿ ತೆಗೆದು ಮುಂದೆ ಹೋದ್ಮೇಲೆ ‘ಮ’ ಬರ್ತಿದೆ."

ಗಿಳಿಗೆ ಜೀವ ಬಂತು. ವಿಡಿಯೋ ನಿಲ್ಲಿಸಿ ಮತ್ತೆ ಓಡಿಸಿದ. ಟಿವಿ ಆರಿಸಿ ಹಾಕಿದ. ಇಂಟರ್‌ನೆಟ್ ಪೆಟ್ಟಿಗೆಯ ಪ್ಲಗ್ ಕಿತ್ತು ಚುಚ್ಚಿದ. ತುಟಿಗೂ ಮಾತಿಗೂ ರಾಜಿಯಾಗಲಿಲ್ಲ. ಅದೇ ದೃಶ್ಯವನ್ನು ಫೋನಿನಲ್ಲಿ ಹಾಕಿದರೆ ಎರಡೂ ಅನ್ಯೋನ್ಯ ದಂಪತಿ. ಕೊನೆಗೆ ಟಿವಿಯ ಕೆಳಗಿದ್ದ ಉದ್ದನೆಯ ಸೌಂಡ್‌ಬಾರ್ ಆರಿಸಿ, ಟಿವಿಯ ಸ್ವಂತ ಸ್ಪೀಕರಿನಲ್ಲಿ ಕೇಳಿದ. ‘ಮ’ ತುಟಿಯ ಮೇಲೇ ಬಂದು ಕೂತಿತು.

"ಸಿಕ್ಕಿಬಿದ್ದ ಕಳ್ಳ!" ಎಂದು ಸೌಂಡ್‌ಬಾರಿನ ಸೆಟ್ಟಿಂಗ್ ತೆಗೆದ. ‘ಧ್ವನಿ ವಿಳಂಬ’ ಎಂಬಲ್ಲಿ ಅಂಕಿ ಕೊನೆಯ ತುದಿಗೆ ಹೋಗಿ ನಿಂತಿತ್ತು.

"ಇದನ್ನ ಯಾರು ಮುಟ್ಟಿದ್ದು?"

"ನಾನೇ," ಎಂದರು ಸೋಫಾದಲ್ಲಿದ್ದ ಅತ್ತೆ. "ಅವರೆಲ್ಲ ಮೈಮೇಲೆ ಬಂದೋರ ಥರ ಬಡಬಡಾಂತ ಮಾತಾಡ್ತಾರೆ. ವಿಳಂಬ ಅಂತ ಇತ್ತು, ಜಾಸ್ತಿ ಮಾಡಿದ್ರೆ ನಿಧಾನವಾಗಿ ಮಾತಾಡ್ತಾರೇನೋಂತ ಜಾಸ್ತಿ ಮಾಡ್ದೆ."

"ಮಾತಾಡಿದ್ರಾ ಅತ್ತೆ, ನಿಧಾನವಾಗಿ?"

"ಎಲ್ಲಿ! ನಿನ್ನ ಮಾವನ ಥರಾನೇ, ಹೇಳಿದ್ದು ಒಂದೂ ಕೇಳಲ್ಲ."

ಮೂಲೆಯಿಂದ ಮಾವ ಕೆಮ್ಮಿದರು. ಅಳಿಯ ಅದೇ ಕೆಮ್ಮನ್ನು ಅದೇ ಧಾಟಿಯಲ್ಲಿ ತಿರುಗಿಸಿ ಕೊಟ್ಟ. ಹೆಂಡತಿ ಮುಖ ತಿರುಗಿಸಿಕೊಂಡು ನಕ್ಕಳು. ಅಂಕಿಯನ್ನು ಸೊನ್ನೆಗೆ ತಂದ. ಆದರೆ ಅಭ್ಯಾಸಕ್ಕೆ ಕೂತರೆ ಮಾತು ಈಗಲೂ ಹಿಂದೆಯೇ. ಸೌಂಡ್‌ಬಾರ್ ಸರಿಹೋಗಿತ್ತು, ವಾರವಿಡೀ ತಡವಾಗಿ ಕೇಳಿದ ಕಿವಿ ಸರಿಹೋಗಿರಲಿಲ್ಲ. ಕಿವಿಗೆ ಸೊನ್ನೆ ಒತ್ತುವ ಗುಂಡಿ ಎಲ್ಲಿದೆ?

ಮರುದಿನ ಸ್ಟುಡಿಯೋದಲ್ಲಿ ಮೊದಲ ಸಾಲೇ ಜಾರಿತು. ನಿರ್ದೇಶಕಿ ಪೆನ್ನಿನ ಮುಚ್ಚಳ ಹಾಕಿದರು.

"ಮೇಡಂ, ಮೂಲ ಧ್ವನಿ ಪೂರ್ತಿ ತೆಗೀರಿ. ಬರೀ ಚಿತ್ರ ಸಾಕು."

"ಕಿವಿಗೇನೂ ಬೀಳದೆ ಹೇಗ್ರಿ ಮಾತು ಹಿಡೀತೀರ?" ಎಂದ ತಂತ್ರಜ್ಞ.

"ಕಿವೀನೇ ಕೈ ಕೊಡ್ತಿರೋದು. ಕಣ್ಣನ್ನ ನಂಬ್ತೀನಿ."

ಹೆಡ್‌ಫೋನ್ ಮೌನವಾಯಿತು. ನಾಯಕ ತುಟಿ ಮುಚ್ಚಿದ, ಗಿಳಿಯೂ ಮುಚ್ಚಿದ. ಅವನು ತೆರೆದ, ಇವನೂ ತೆರೆದ. ದೃಶ್ಯ ಮುಗಿಯುವವರೆಗೆ ಯಾರೂ ತಡೆಯಲಿಲ್ಲ.

ನಿರ್ದೇಶಕಿ ಅದನ್ನು ಎರಡು ಸಲ ಹಾಕಿಸಿ ನೋಡಿದರು. ಆಮೇಲೆ ಗಾಜಿನ ಕಡೆ ತಿರುಗಿ, "ಮುಂದಿನ ಸೀನ್ ಹಾಕಿ" ಎಂದರು.