ಸಂಗಪ್ಪನ ಕಡೇ ಆಸೆ

ನನ್ನ ಗಂಡ ವಿರುಪಾಕ್ಷಪ್ಪನವರು ಮೂವತ್ತೆಂಟು ವರ್ಷ ಟೀವಿಯ ಸೌಂಡು ಬಂದ್ ಮಾಡಿ, ಅದರೊಳಗಿನ ಜನರ ಮಾತನ್ನೆಲ್ಲ ತಾವೇ ಆಡಿದರು. ಎಲ್ಲ ಕಾರ್ಯಕ್ರಮಕ್ಕೂ ಅಲ್ಲ, ಕುದುರೆ ಸೀರಿಯಲ್ಲಿಗೆ ಮಾತ್ರ. ಅಗಲ ಟೋಪಿ, ಪಿಸ್ತೂಲು, ಧೂಳು, ಹಲಗೆ ಹೊಡೆದು ಕಟ್ಟಿದ ಅಂಗಡಿಗಳು ಇರುವ, ನಾವು ಹುಟ್ಟಿದ ಕಾಲದ ಅಮೆರಿಕದ ಸೀರಿಯಲ್ಲು ಅದು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಹೇಳಿದವರಲ್ಲ.

ಎಂಬತ್ತೇಳರಲ್ಲಿ ಮದುವೆಯಾಗಿ ಗದಗಿನಿಂದ ಅಮೆರಿಕದ ಯೂನಿಯನ್ ಸಿಟಿಗೆ ಬಂದಾಗ ನನಗೆ ಬರುತ್ತಿದ್ದ ಇಂಗ್ಲಿಷು ಎಂದರೆ ಥ್ಯಾಂಕ್ಯೂ ಮತ್ತು ಸಾರಿ. ಇವರು ವಾರವಿಡೀ ಕೊಲ್ಲಿಯ ಮೇಲಿನ ಸೇತುವೆ ದಾಟಿ ಆಫೀಸಿಗೆ ಹೋಗಿಬಂದು ಹೈರಾಣ. ಶನಿವಾರ ಮಧ್ಯಾಹ್ನ ಉಂಡು ಸೋಫಾದ ಮೇಲೆ ಕೂತರೆ ಟೀವಿಯಲ್ಲಿ ಕುದುರೆಗಳು. ನಾನು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತದ್ದನ್ನು ನೋಡಿ ಒಂದು ದಿನ ಎದ್ದು ಹೋಗಿ ಸೌಂಡು ತೆಗೆದರು. ಒಬ್ಬ ದಪ್ಪ ಮೀಸೆಯವನು ಕುದುರೆ ಇಳಿದು ಬಾಯಿ ತೆರೆದ.

“ಏ ಬಸ್ಯಾ, ಕುದರಿಗೆ ನೀರ ಕುಡಸು. ನನಗೊಂದ ಚಾ ಹೇಳು, ಸಕ್ರಿ ಮುಂದ ಇರಲಿ.”

ಈ ದೇಶಕ್ಕೆ ಬಂದ ಮೇಲೆ ನಾನು ಮೊದಲ ಸಲ ನಕ್ಕದ್ದು ಆವತ್ತು.

ಆ ಸೀರಿಯಲ್ಲಿನಲ್ಲಿ ಹೊಡೆದಾಟವೇ ಹೆಚ್ಚು. ಆದರೆ ಮತ್ತೆ ಮತ್ತೆ ತೋರಿಸುತ್ತಿದ್ದ ಒಂದು ಕಂತು ಮಾತ್ರ ಶುದ್ಧ ತಮಾಷೆಯದು. ಊರಿಗೆ ಫೋಟೋ ತೆಗೆಯುವವನು ಬರುತ್ತಾನೆ. ಫೌಜದಾರನಿಗೆ ದರೋಡೆಕೋರನನ್ನು ಹಿಡಿದು ನಿಂತ ಫೋಟೋ ಬೇಕು, ಆದರೆ ಜೇಲಿನಲ್ಲಿ ಒಂದು ಇಲಿಯೂ ಇಲ್ಲ. ಕಿರಾಣಿ ಅಂಗಡಿಯ ಬಡಪಾಯಿಯೊಬ್ಬನನ್ನು ಕಾಡಿಬೇಡಿ ಕರೆತಂದು, ಅವನ ಗಡ್ಡಕ್ಕೆ ಮಸಿ ಬಳಿದು, ಕೈಗೆ ಹಗ್ಗ ಕಟ್ಟಿ ನಿಲ್ಲಿಸುತ್ತಾನೆ. ಫೋಟೋ ಪಕ್ಕದ ಊರಿಗೆ ಮುಟ್ಟುತ್ತದೆ. ಅಲ್ಲಿಂದ ಇಪ್ಪತ್ತು ಜನ ಕುದುರೆ ಏರಿ ಬಂದು, ದರೋಡೆಕೋರ ಸಿಕ್ಕ ಎಂದು ಅವನನ್ನು ಗಲ್ಲಿಗೆ ಏರಿಸಲು ಎಳೆದೊಯ್ಯುತ್ತಾರೆ. ನನ್ನ ಗಂಡ ಆ ಬಡಪಾಯಿಗೆ ಇಟ್ಟ ಹೆಸರು ಅಂಗಡಿ ಸಂಗಪ್ಪ. ಕೊರಳಿಗೆ ಹಗ್ಗ ಬಿದ್ದಾಗ ಒಬ್ಬ ಮುದುಕ ಬಂದು ಕೇಳುತ್ತಾನೆ:

“ನಿನ್ನ ಕಡೀ ಆಶಾ ಏನೈತೋ ಹೇಳಪಾ ಸಂಗಪ್ಪಾ.”

ಸಂಗಪ್ಪ ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ತೆರೆಯುತ್ತಾನೆ.

“ಎರಡ ಮಿರ್ಚಿ, ಒಂದ ಪ್ಲೇಟ ಗಿರಮಿಟ್ರೀ. ಮಿರ್ಚಿ ಬಿಸಿ ಇರಬೇಕ ಮತ್ತ. ಆರಿದ್ದು ತಿಂದು ಸಾಯಾಕ ನನಗ ಮನಸ್ಸಿಲ್ಲ.”

ಈ ಮಾತು ಹೇಳುವಾಗ ಇವರು ಟೀವಿ ನೋಡುತ್ತಿರಲಿಲ್ಲ. ನಾನು ನಕ್ಕೆನೋ ಇಲ್ಲವೋ ಎಂದು ನನ್ನ ಮುಖ ನೋಡುತ್ತಿದ್ದರು. ನಾನು ಪ್ರತಿ ಸಲವೂ ನಗುತ್ತಿದ್ದೆ, ಮಗಳು ಆರತಿ ಹೊಟ್ಟೆಯಲ್ಲಿದ್ದಾಗ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿದ್ದೆ.

ಇದೆಲ್ಲ ಅನುವಾದ ಎಂದೇ ನಾನು ಬಹಳ ದಿನ ನಂಬಿದ್ದೆ. ಮುಂದೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಾಗ, ಮುರುಕು ಇಂಗ್ಲಿಷಿನಲ್ಲಿ ಅಲ್ಲಿನ ಹೆಂಗಸೊಬ್ಬಳಿಗೆ, ನಿಮ್ಮ ಕೌಬಾಯ್‌ಗಳೂ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರಂತಲ್ಲ ಎಂದೆ. ಅವಳು ನನ್ನನ್ನು ನೋಡಿದ ಬಗೆ ಈಗಲೂ ಕಣ್ಣ ಮುಂದಿದೆ. ಮನೆಗೆ ಬಂದು ಎರಡು ದಿನ ಇವರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಶನಿವಾರ. ಮಧ್ಯಾಹ್ನ ಆಗುತ್ತಲೇ ನಾನೇ ಹೋಗಿ ಟೀವಿಯ ಸೌಂಡು ತೆಗೆದು ಇವರ ಪಕ್ಕ ಕೂತೆ. ಇಂಗ್ಲಿಷು ಕಲಿತ ಮೇಲೂ ಆ ಸೀರಿಯಲ್ಲನ್ನು ಸೌಂಡು ಇಟ್ಟು ನೋಡಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಇವರಿಗೆ ಎರಡನೆಯದು ಮಾತ್ರ ಬರುತ್ತಿತ್ತು. ಬೀಪಿ ಗುಳಿಗೆ ನುಂಗಿರಿ ಎಂದರೆ ನನ್ನನ್ನೇ ನಗಿಸಿ ತಪ್ಪಿಸಿಕೊಳ್ಳುತ್ತಿದ್ದರು. ಜನವರಿಯಲ್ಲಿ ಒಂದು ಬೆಳಿಗ್ಗೆ ಚಹದ ಕಪ್ಪು ಕೈಯಿಂದ ಜಾರಿತು. ಏನಾಯಿತ್ರೀ ಎಂದು ನಾನು ಅಡುಗೆಮನೆಯಿಂದ ಕೂಗಿದೆ. ಸ್ಟ್ರೋಕು ಇವರ ಬಲಗೈಯನ್ನೂ ಮಾತನ್ನೂ ಒಟ್ಟಿಗೆ ತೆಗೆದುಕೊಂಡು ಹೋಯಿತು.

ಎಲ್ಲ ತಿಳಿಯುತ್ತದೆ ಇವರಿಗೆ. ಹೇಳಲು ಮಾತ್ರ ಆಗುವುದಿಲ್ಲ. ಕೇಳಿದವರು ಇದನ್ನು ಸಮಾಧಾನ ಎಂದು ನನಗೆ ಹೇಳುತ್ತಾರೆ. ಇದರಲ್ಲಿ ಸಮಾಧಾನ ಎಲ್ಲಿದೆ ಎಂದು ನಾನು ಹುಡುಕಿ ಸಾಕಾಗಿದೆ.

ವಾರಕ್ಕೆರಡು ಸಲ ಮನೆಗೆ ಬರುವ ಸ್ಪೀಚ್ ಥೆರಪಿಸ್ಟು ಪುಣೆಯ ಕಡೆಯ ಹುಡುಗಿ, ಸ್ನೇಹಲ್ ಎಂದು ಹೆಸರು. ಮೊದಲ ಆರು ತಿಂಗಳು ಬಹಳ ಮುಖ್ಯ ಎಂದಳು. ಕೆಲವರಿಗೆ ಬಾಯಿಪಾಠವಾದದ್ದು ಮಾತಿಗಿಂತ ಮೊದಲು ಬರುತ್ತದೆ, ಹಾಡು, ಸ್ತೋತ್ರ, ಬೈಗುಳ ಕೂಡ. ನೀವು ಅರ್ಧ ಹೇಳಿ ನಿಲ್ಲಿಸಿ, ಉಳಿದರ್ಧ ಅವರಿಗೆ ಬಿಡಿ ಎಂದಳು. ನಾನು ದಿನಾ ಬೆಳಿಗ್ಗೆ ವಚನ ಅರ್ಧ ಹೇಳಿ ನಿಲ್ಲಿಸಿದೆ. ಇವರು ಕಣ್ಣು ಮುಚ್ಚಿ ಕೂತರು. ಬೈಗುಳಕ್ಕೂ ಪ್ರಯತ್ನಿಸಿದೆ, ಬೇಕೆಂದೇ ಚಹಕ್ಕೆ ಉಪ್ಪು ಹಾಕಿ ಕೊಟ್ಟೆ. ಸುಮ್ಮನೆ ಕುಡಿದರು. ಆವತ್ತು ಸಿಂಕಿನ ಮುಂದೆ ನಿಂತು ಅತ್ತೆ.

ಆಮೇಲೆ ಸಂಗಪ್ಪ ನೆನಪಾದ. ಆರತಿ ಇವರ ಯಾವುದೋ ಹುಟ್ಟುಹಬ್ಬಕ್ಕೆ ಕೊಟ್ಟಿದ್ದ ಡಿವಿಡಿ ಪೆಟ್ಟಿಗೆಯಲ್ಲಿ ಆ ಕಂತು ಇತ್ತು. ಊಟವಾದ ಮೇಲೆ ಹಾಕಿ, ಸೌಂಡು ತೆಗೆದು, ಎಲ್ಲರ ಮಾತನ್ನೂ ನಾನೇ ಆಡತೊಡಗಿದೆ. ನನ್ನ ಫೌಜದಾರ ಸಂತೆಯಲ್ಲಿ ಬೆಣ್ಣೆ ಮಾರುವವಳ ಹಾಗೆ ಕೇಳಿಸುತ್ತಿದ್ದ. ನಾಚಿಕೆ ಬಿಟ್ಟು ಆಡಿದೆ. ಕೊರಳಿಗೆ ಹಗ್ಗ ಬಿದ್ದಾಗ, “ನಿನ್ನ ಕಡೀ ಆಶಾ ಏನೈತೋ ಹೇಳಪಾ ಸಂಗಪ್ಪಾ,” ಎಂದು ನಿಲ್ಲಿಸುತ್ತಿದ್ದೆ. ಪರದೆಯ ಮೇಲೆ ಸಂಗಪ್ಪನ ಬಾಯಿ ತೆರೆದು ಮುಚ್ಚುತ್ತಿತ್ತು. ಇವರದು ಇಲ್ಲ. ಕಂತು ಮುಗಿದ ಮೇಲೆ ನಾಳೆ ನೋಡೋಣ ಎಂದುಕೊಂಡು ಎದ್ದು ಪಾತ್ರೆ ತೊಳೆಯುತ್ತಿದ್ದೆ.

ಒಂದು ಭಾನುವಾರ ಮಾರ್ಗನ್ ಹಿಲ್‌ನಿಂದ ಬಂದ ಆರತಿ ಇದನ್ನು ನೋಡಿದಳು.

“ಅಮ್ಮಾ, ಪ್ಲೀಸ್. ಜಸ್ಟ್ ಲೆಟ್ ಹಿಮ್ ವಾಚ್ ಇಟ್.”

“ನೀ ಸುಮ್ನಿರವ್ವಾ. ಇದು ನಮ್ಮಿಬ್ಬರದು.”

ನಲವತ್ತನೆಯ ದಿನವೋ ಏನೋ, ನಾನು ಮುದುಕನ ಪ್ರಶ್ನೆ ಕೇಳಿ ನಿಲ್ಲಿಸಿದೆ. ಇವರ ಗಂಟಲಿನಲ್ಲಿ ಏನೋ ಅಲುಗಾಡಿತು. ತುಟಿ ಒಂದು ಪಕ್ಕಕ್ಕೆ ಎಳೆಯಿತು.

“ಎ… ಎರ,” ಎಂದರು.

ಎರಡ ಮಿರ್ಚಿ ಎನ್ನುವುದರ ಎರ! ನಾನು ಕುಣಿಯುವುದೊಂದು ಬಾಕಿ. ಕಾರು ತೆಗೆದು ಫ್ರೀಮಾಂಟಿನ ನಮ್ಮವರ ಅಂಗಡಿಗೆ ಹೋಗಿ ಉದ್ದ ಮೆಣಸಿನಕಾಯಿ, ಕಡಲೆಹಿಟ್ಟು, ಮಂಡಕ್ಕಿ ತಂದೆ. ಮಿರ್ಚಿ ಕರಿದು, ಗಿರಮಿಟ್ ಕಲಸಿ ಮುಂದಿಟ್ಟೆ. ಎಡಗೈಯಲ್ಲಿ ಒಂದು ಮಿರ್ಚಿ ಹಿಡಿದು ಇವರು ಅರ್ಧ ತಿಂದರು. ಮಗಳಿಗೆ ಫೋನ್ ಹಚ್ಚಿದೆ.

“ಅಪ್ಪಾ ಮಾತಾಡಿದ್ರವ್ವಾ!”

“ರಿಯಲಿ? ಏನ್ ಹೇಳಿದ್ರು?”

“ಎರ ಅಂದ್ರು.”

“ಓಕೆ, ಅಮ್ಮಾ. ದಟ್ಸ್ ಗುಡ್,” ಎಂದಳು. ಮಗಳ ಮೇಲೆ ನನಗೆ ಸಿಟ್ಟು ಬಂತು. ಎರಡು ಅಕ್ಷರದ ಬೆಲೆ ಇವಳಿಗೇನು ಗೊತ್ತು ಎಂದುಕೊಂಡೆ.

ಎರಡು ದಿನ ಬಿಟ್ಟು ಸ್ನೇಹಲ್ ಬಂದಳು. ನಾನು ಬಾಗಿಲಲ್ಲೇ ಸುದ್ದಿ ಹೇಳಿದೆ. ಅವಳು ನಕ್ಕು, ಕೂತು, ಚಿತ್ರಗಳನ್ನು ಒಂದೊಂದಾಗಿ ತೋರಿಸಿದಳು. ಕಪ್ಪಿನ ಚಿತ್ರಕ್ಕೆ ಇವರು “ಎರ” ಎಂದರು. ಕುರ್ಚಿಗೆ “ಎರ.” ನಾಯಿಗೆ “ಎರ.” ಕೊನೆಗೆ ಅವಳು ನನ್ನ ಕಡೆ ಬೆರಳು ತೋರಿಸಿ, ಇವರು ಯಾರು ಎಂದು ಕೇಳಿದಳು. ಇವರು ನನ್ನನ್ನೇ ನೋಡಿದರು. ಕಣ್ಣಲ್ಲಿ ನನ್ನ ಹೆಸರು ಇತ್ತು, ಮದುವೆಯ ಮೊದಲ ವಾರದಿಂದ ಕರೆಯುತ್ತಿದ್ದ ‘ಚನ್ನಿ’ ಇತ್ತು. ನನಗೆ ಕಾಣುತ್ತಿತ್ತು.

“ಎರ,” ಎಂದರು. ಅಂದದ್ದು ತಮ್ಮ ಕಿವಿಗೇ ಬಿದ್ದು ಮುಖ ತಿರುಗಿಸಿದರು.

ಸ್ನೇಹಲ್ ನನ್ನನ್ನು ಹೊರಗಿನ ಮೆಟ್ಟಿಲ ಹತ್ತಿರ ಕರೆದೊಯ್ದಳು. ಹೀಗಾಗುವುದುಂಟಂತೆ. ಒಂದೇ ಶಬ್ದ ಬಾಯಲ್ಲಿ ಸಿಕ್ಕಿಕೊಂಡು, ಏನು ಹೇಳಲು ಹೋದರೂ ಅದೇ ಬರುತ್ತದಂತೆ. ಇದನ್ನು ಮಾತು ಎಂದು ಹಿಡಿಯಬೇಡಿ ಎಂದಳು, ಬಹಳ ಮೃದುವಾಗಿ. ಚೀಲದಿಂದ ಒಂದು ಬೋರ್ಡು ತೆಗೆದು ನನ್ನ ಕೈಗಿಟ್ಟಳು. ಅದರಲ್ಲಿ ನೀರಿನ ಲೋಟ, ಬಾತ್‌ರೂಮು, ಹಾಸಿಗೆ, ನೋವಿನ ಮುಖದ ಚಿತ್ರಗಳು. ಬೇಕಾದ್ದಕ್ಕೆ ಅವರು ಬೆರಳಿಟ್ಟು ತೋರಿಸಲಿ, ಇನ್ನು ಮುಂದೆ ಇದನ್ನೇ ಅಭ್ಯಾಸ ಮಾಡಿಸೋಣ ಎಂದಳು. ಇವರ ಮಾತಿನ ಕೇಸು ಮುಗಿಯಿತು ಎಂದು ನನಗೆ ತಿಳಿಯಿತು.

ಮರುದಿನ ನಾನು ಆ ಕಂತು ಹಾಕಬಾರದಿತ್ತು. ಹಾಕಿದೆ. ಬುದ್ಧಿ ಬೇಡವೆಂದರೂ ಮನಸ್ಸು ಕೇಳಬೇಕಲ್ಲ. ಫೌಜದಾರನಾದೆ, ಫೋಟೋದವನಾದೆ, ಇಪ್ಪತ್ತು ಕುದುರೆ ಸವಾರರೂ ಆದೆ. ಕೊರಳಿಗೆ ಹಗ್ಗ ಬಿತ್ತು.

“ನಿನ್ನ ಕಡೀ ಆಶಾ ಏನೈತೋ ಹೇಳಪಾ ಸಂಗಪ್ಪಾ.”

“ಎರ,” ಎಂದರು.

ನಾನು ಡಿವಿಡಿ ಹಿಂದಕ್ಕೆ ಓಡಿಸಿದೆ. ಮತ್ತೆ ಕೇಳಿದೆ. ಮತ್ತೆ “ಎರ.” ಮೂರನೆಯ ಸಲ ಹಿಂದಕ್ಕೆ ಓಡಿಸುವಷ್ಟರಲ್ಲಿ ನನ್ನ ತಾಳ್ಮೆ ಹರಿದುಹೋಯಿತು.

“ಪೂರಾ ಹೇಳ್ರೀ! ಸಾವಿರ ಸಲ ಹೇಳೀರಿ! ನನ್ನ ಸಲುವಾಗಿ ಒಂದ ಸಲ ಹೇಳಾಕ ಏನ್ರೀ ಧಾಡಿ ನಿಮಗ?”

ಅಂದ ಮೇಲೆ ನನ್ನ ಬಾಯಿಗೆ ನಾನೇ ಬೆಂಕಿ ಇಡಬೇಕು ಅನ್ನಿಸಿತು. ಇವರು ಎಡಗೈ ಚಾಚಿ ನನ್ನ ಕೈಯಿಂದ ರಿಮೋಟು ತೆಗೆದುಕೊಂಡರು. ಐದು ತಿಂಗಳಲ್ಲಿ ನಾನು ಮುಂದಿಡದೆ ಇವರು ಏನನ್ನೂ ಕೈಗೆ ತೆಗೆದುಕೊಂಡಿರಲಿಲ್ಲ. ಟೀವಿ ಬಂದ್ ಮಾಡುತ್ತಾರೆ ಎಂದುಕೊಂಡೆ. ಹೆಬ್ಬೆರಳು ಗುಂಡಿಗಳ ಮೇಲೆ ತಡವರಿಸುತ್ತ ಹೋಗಿ, ಒಂದನ್ನು ಹುಡುಕಿ ಒತ್ತಿತು.

ಸೌಂಡು ಬಂತು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ಆ ಜನ ತಮ್ಮ ಸ್ವಂತ ದನಿಯಲ್ಲಿ ಮಾತಾಡಿದರು. ಕುದುರೆಗಳು ಕೆನೆದವು. ಕೊರಳಿಗೆ ಹಗ್ಗ ಬಿತ್ತು. ಮುದುಕ ಮುಂದೆ ಬಂದು, ಕೊನೆಯದಾಗಿ ಏನಾದರೂ ಹೇಳುವುದಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಂಗಡಿಯವನು ಬಾಯಿ ತೆರೆದ, ಮುಚ್ಚಿದ, ತೆರೆದ. ನಾನು ಕಿವಿಗೊಟ್ಟು ಕೇಳಿದೆ.

ಅವನು ಏನೂ ಹೇಳಲಿಲ್ಲ. ಹೆದರಿಕೆಗೆ ಅವನ ಬಾಯಿ ಕಟ್ಟಿಹೋಗಿತ್ತು. ತಮಾಷೆ ಇದ್ದದ್ದೇ ಅಲ್ಲಿ. ಅವನ ಬಾಯಿ ಬರಿದೇ ಆಡುತ್ತಿತ್ತು, ಹಿಂದೆ ಒಂದು ಪಿಟೀಲು ನಗೆಯ ಧಾಟಿಯಲ್ಲಿ ಕುಂಯ್ಗುಡುತ್ತಿತ್ತು. ಮಿರ್ಚಿ, ಗಿರಮಿಟ್ಟು ಹೋಗಲಿ, ಒಂದು ಅಕ್ಷರವೂ ಅಲ್ಲಿ ಎಂದೂ ಇರಲಿಲ್ಲ. ಅದು ಗೊತ್ತಿದ್ದದ್ದು ಇವರೊಬ್ಬರಿಗೆ.

ಇವರು ಟೀವಿ ನೋಡುತ್ತಿರಲಿಲ್ಲ. ಹಿಂದೆಲ್ಲ ನೋಡುತ್ತಿದ್ದ ಹಾಗೆಯೇ, ನಕ್ಕೆನೋ ಇಲ್ಲವೋ ಎಂದು ನನ್ನ ಮುಖ ನೋಡುತ್ತಿದ್ದರು.

ನಗಬೇಕು, ಹೇಗಾದರೂ ಮಾಡಿ ನಗಬೇಕು ಎಂದು ನಾನು ಬಾಯಿ ತೆರೆದೆ. ಆಗಲಿಲ್ಲ. ಇವರು ಇನ್ನೂ ಸ್ವಲ್ಪ ಹೊತ್ತು ಕಾದರು, ಆಮೇಲೆ ಟೀವಿಯ ಕಡೆ ತಿರುಗಿದರು.