ಸಿದ್ದಲಿಂಗಮ್ಮನ ಸೋಬಾನೆ

ಚನ್ನಗಿರಿ ಕಡೆಯ ಮದುವೆಗಳಲ್ಲಿ ಸಿದ್ದಲಿಂಗಮ್ಮ ಸೋಬಾನೆ ಹೇಳಿ ಮುಗಿಸದೆ ಮದುಮಗಳು ಹಸೆಯಿಂದ ಏಳುತ್ತಿರಲಿಲ್ಲ. ಅಂಥವಳ ಗಂಟಲಿಗೇ ಗಡ್ಡೆ ಬರಬೇಕೇ? ದೇವರಿಗೆ ಬೇರೆ ಜಾಗವೇ ಸಿಗಲಿಲ್ಲವೆನ್ನಿ. ಧ್ವನಿಪೆಟ್ಟಿಗೆ ತೆಗೆಯಲೇಬೇಕು, ತಡ ಮಾಡುವಂತಿಲ್ಲ ಎಂದರು ದಾವಣಗೆರೆಯ ಡಾಕ್ಟರು. ಮಗಳು ಸಂಧ್ಯಾರಾಣಿಯ ಮದುವೆ ಅದರ ಮುಂದಿನ ತಿಂಗಳು.

ತನ್ನ ಹಸೆಗೆ ಅವ್ವನ ಹಾಡೇ ಬೇಕೆಂದು ಸಂಧ್ಯಾರಾಣಿ ಹಟ ಹಿಡಿದಳು. ಮದುವೆ ವಿಡಿಯೊ ತೆಗೆಯುವ ಕೊಟ್ರೇಶ್ ನ್ಯಾಮತಿಯಲ್ಲಿ ಹೊಸಬರಿಗೆ ಭಾನುವಾರ ಚಿತ್ರೀಕರಣದ ಪಾಠ ಹೇಳುತ್ತಿದ್ದ. ಸಂಧ್ಯಾರಾಣಿ ಸೂಳೆಕೆರೆ ಮಗ್ಗುಲಿನ ತನ್ನೂರಿನಿಂದ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಹೋಗಿಬಂದಳು. ಫೋಕಸ್ ಎಂದರೇನು, ಬೆಳಕು ಎತ್ತಲಿಂದ ಬೀಳಬೇಕು, ಮೈಕ್ ಎಷ್ಟು ಹತ್ತಿರ ಇರಬೇಕು, ಎಲ್ಲ ಕಲಿತಳು.

"ಮೊದ್ಲು ಟ್ರಯಲ್ ತಗೋಬೇಕವ್ವ," ಎಂದ ಕೊಟ್ರೇಶ್, ತನ್ನ ಕ್ಯಾಮೆರಾ, ಅದರ ರಿಮೋಟು ಎರಡನ್ನೂ ಎರವಲಾಗಿ ಅವಳ ಕೈಗಿಡುತ್ತ. "ಶುರು ಮಾಡಾಕೂ ನಿಲ್ಸಾಕೂ ಒಂದೇ ಬಟನ್ ಐತೆ. ಕೆಂಪು ಚುಕ್ಕಿ ಮ್ಯಾಲೆ ಕಣ್ಣಿಟ್ಟಿರು."

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಸಂಧ್ಯಾರಾಣಿ ಪಡಸಾಲೆಯಲ್ಲಿ ಸ್ಟ್ಯಾಂಡ್ ನಿಲ್ಲಿಸಿ ಟ್ರಯಲ್ ತೆಗೆದಳು. ಆದರೆ ಸಿದ್ದಲಿಂಗಮ್ಮ ಬಾಯಿ ತೆರೆಯಲೊಲ್ಲಳು.

"ಖಾಲಿ ಹಸೆಗೆ ಸೋಬಾನೆ ಹೇಳಬಾರ್ದು. ನೀನು ಕುತ್ಕ, ಹೇಳ್ತೀನಿ."

"ನಾನು ಕುತ್ರೆ ಕ್ಯಾಮೆರಾ ಯಾರು ನೋಡ್ಬೇಕವ್ವ?"

"ಮದುವಣಗಿತ್ತಿ ಇಲ್ದೆ ಹೆಂಗೆ ಹೇಳಾಕಾಗ್ತೈತೆ?"

ಈ ತಾಯಂದಿರ ಶಾಸ್ತ್ರದ ಮುಂದೆ ಯಾವ ಪಾಠ ನಡೆದೀತು? ಸಂಧ್ಯಾರಾಣಿ ಅಕ್ಕಿಯಿಂದ ಹಸೆ ಬರೆದು, ರಿಮೋಟನ್ನು ಮಡಿಲಲ್ಲಿಟ್ಟುಕೊಂಡು, ಕ್ಯಾಮೆರಾಕ್ಕೆ ಬೆನ್ನು ಹಾಕಿ ಅವ್ವನ ಎದುರು ಒಂದು ಬದಿಗೆ ಕುಳಿತಳು. ಒಂದೊಂದು ಹಾಡು ಶುರುವಾದಾಗಲೂ ಬಟನ್ ಒತ್ತಿದಳು, ಮುಗಿದಾಗಲೂ ಒತ್ತಿದಳು. ದನಿ ಆಗಲೇ ಒಡೆದಿತ್ತು. ಆದರೂ ನೋವು ನುಂಗಿಕೊಂಡು ಸಿದ್ದಲಿಂಗಮ್ಮ ತನಗೆ ಬರುತ್ತಿದ್ದ ಸೋಬಾನೆ ಪದಗಳನ್ನೆಲ್ಲ ಹೇಳಿದಳು.

ಟ್ರಯಲ್ ನಿಲ್ಲಿಸುವುದನ್ನೇ ಮರೆತಿದ್ದೆನೆಂದು ಸಂಧ್ಯಾರಾಣಿಗೆ ಗೊತ್ತಾಗಿದ್ದು ಆಪರೇಷನ್ ಆದ ಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನೋಡಿದಾಗ. ಎಲ್ಲ ತಿರುವುಮುರುವಾಗಿತ್ತು. ಹಾಡುವಾಗಲೆಲ್ಲ ಕ್ಯಾಮೆರಾ ನಿಂತಿತ್ತು, ನಡುವಿನ ಬಿಡುವಿನಲ್ಲಿ ಓಡಿತ್ತು. ಅವ್ವ ಕೆಮ್ಮಿದ್ದು ಇತ್ತು, ನೀರು ಕೇಳಿದ್ದು ಇತ್ತು. ಕೊನೆಯಲ್ಲಿ ಅವ್ವನ ಮಾತು, "ಎಲ್ಲಾ ಬಂತೇನವ್ವ?" ಅದಕ್ಕೆ ತನ್ನದೇ ದನಿ, "ಚೆಂದಾಗಿ ಬಂತವ್ವ." ತಡೆಯಲಾಗದೆ ಅಲ್ಲೇ ಅತ್ತುಬಿಟ್ಟಳು.

ಒಳಗೆ ಹೋದಾಗ ಸಿದ್ದಲಿಂಗಮ್ಮ, ತೋರಿಸು ಎಂದು ಕೈಸನ್ನೆ ಮಾಡಿದಳು. ಮುಚ್ಚಿಡಲು ಮಗಳಿಂದ ಆಗಲಿಲ್ಲ. ಪೂರ್ತಿ ನೋಡಿದ ತಾಯಿ ಸಿಟ್ಟಾಗಲಿಲ್ಲ. ಕ್ಯಾಮೆರಾ ಪಕ್ಕಕ್ಕೆ ಸರಿಸಿ, ಮಗಳ ಗಲ್ಲ ಹಿಡಿದು, ತುಟಿ ಆಡಿಸತೊಡಗಿದಳು. ಹಾಡನ್ನು ಮಗಳ ಬಾಯಿಗೆ ದಾಟಿಸುವ ಆಸೆ. ಬರೆದುಕೊಡೋಣವೆಂದರೆ ಅಕ್ಷರ ಬಾರದು. ಡಾಕ್ಟರು ಕತ್ತಿನಲ್ಲಿ ಮಾಡಿದ್ದ ತೂತಿನಿಂದ ಉಸಿರಷ್ಟೇ ಬರುತ್ತಿತ್ತು.

ಮೊದಲ ಸಾಲು ಸಂಧ್ಯಾರಾಣಿಗೆ ಗೊತ್ತಿತ್ತು, ಹೇಳಿದಳು. ಅವ್ವನ ಮುಖ ಅರಳಿತು. ಮುಂದಿನ ಸಾಲು ತಿಳಿಯಲಿಲ್ಲ. ತುಟಿಗಳು ಇನ್ನೊಮ್ಮೆ ನಿಧಾನವಾಗಿ ಆಡಿದವು. ಹೇಳಲು ಅವ್ವ ಇದ್ದಾಳಲ್ಲ ಎಂದು ಆ ಹುಡುಗಿ ಯಾವತ್ತೂ ಕಲಿತಿರಲಿಲ್ಲ.

"ಗೊತ್ತಾಗ್ತಿಲ್ಲವ್ವ," ಎಂದಳು.

ಸಿದ್ದಲಿಂಗಮ್ಮ ಮತ್ತೆ ಮೊದಲ ಸಾಲಿಗೇ ಬಂದಳು. ಮಗಳಿಗೆ ಬರುವುದು ಅದೊಂದೇ ಆಗಿತ್ತು. ಅದನ್ನೇ ಇಬ್ಬರೂ ಹೇಳಿಕೊಳ್ಳುತ್ತ ಕುಳಿತರು.