ಮನೆಗಾಡಿಯ ಗೋಡೆಗೆ ಕಾಚಂಪುಳಿ

ನಮ್ಮ ಅತ್ತೆ, ಹೆಂಡತಿಯ ತಾಯಿ ಮುದ್ದಿಯವರಿಗೆ ಇಬ್ಬರೇ ಶತ್ರುಗಳು: ಹೊಗೆ ಮತ್ತು ಬೂಷ್ಟು. ಎರಡರಲ್ಲಿ ಯಾವುದು ಮೂಗಿಗೆ ಬಡಿದರೂ ಅವರ ಎದೆ ಕುಯ್ಯೋ ಎನ್ನಲು ಶುರುಮಾಡುತ್ತದೆ. ಅವರ ಒಬ್ಬಳೇ ತಂಗಿ ಕುಸುಮಾ, ನನಗೆ ಚಿಕ್ಕತ್ತೆ, ಇರುವುದು ಕೊಡ್ಲಿಪೇಟೆಯ ಆಚೆ. ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಆ ಮನೆಯಲ್ಲಿ ಗ್ಯಾಸ್ ಇದ್ದರೂ ಸ್ನಾನದ ನೀರಿಗೆ, ದನಕ್ಕೆ ಹುರುಳಿ ಬೇಯಿಸಲು ಸೌದೆ ಒಲೆ ಉರಿಯಲೇಬೇಕು. ಹಾಗಾಗಿ ಹೋದಾಗಲೆಲ್ಲ ಅತ್ತೆ ಅಂಗಳದಲ್ಲಿ ನಿಂತು ಕಿಟಕಿಯಿಂದಲೇ ತಂಗಿಯನ್ನು ಮಾತಾಡಿಸಿ ಬರಬೇಕು. ಜೈಲಿಗೆ ಭೇಟಿಗೆ ಹೋದವರ ಹಾಗೆ. ಒಮ್ಮೆ ಹಠ ಹಿಡಿದು ಒಳಗೇ ಮಲಗಿದ್ದಕ್ಕೆ ಬೆಳಗಾಗುವಷ್ಟರಲ್ಲಿ ಆಸ್ಪತ್ರೆ ಸೇರಬೇಕಾಯಿತು.

ಇಂಥ ಸಮಯದಲ್ಲಿ ನಮಗೊಂದು ಮನೆಗಾಡಿ ಗಂಟುಬಿತ್ತು. ನಾನು ಅಮ್ಮತ್ತಿಯ ಹತ್ತಿರ ಒಂದು ಹೋಮ್‌ಸ್ಟೇಯಲ್ಲಿ ಡ್ರೈವರ್. ಅಲ್ಲಿನ ಧಣಿಗಳು ಒಂದು ಕಾಲದಲ್ಲಿ ಅತಿಥಿಗಳಿಗೆಂದು ಉದ್ದನೆಯ ವ್ಯಾನೊಂದರಲ್ಲಿ ಮಂಚ, ಸಿಂಕು, ಕಪಾಟು ಎಲ್ಲ ಕೂರಿಸಿದ್ದರು. ಈಗ ಹಳೆಯದಾಯಿತೆಂದು ಶೆಡ್ಡಿಗೆ ತಳ್ಳಿ, “ಬೇಕಾದರೆ ನೀನೇ ಇಟ್ಕೋ ಅಶೋಕ್” ಎಂದರು. ಎಂಜಿನ್ ಗಟ್ಟಿಯಾಗಿತ್ತು. ಒಳಗಿನ ಗೋಡೆ ಮಾತ್ರ ಯಾರಿಗೂ ಬೇಡ. ಕಿಟಕಿಯ ರಬ್ಬರ್ ಸೀಳಿ ಮಳೆನೀರು ಇಳಿದು, ಪ್ಲೈವುಡ್ ಉಬ್ಬಿ, ಅದರ ಮೇಲಿನ ಸನ್‌ಮೈಕಾ ಹಪ್ಪಳದಂತೆ ಎದ್ದು ನಿಂತಿತ್ತು. ಮೂಲೆಮೂಲೆಯಲ್ಲೂ ಬೂಷ್ಟು.

ನನ್ನ ಹೆಂಡತಿ ಸುಮಿತಾ ಗಾಡಿ ಹತ್ತಿ ಇಳಿದವಳೇ ಹೇಳಿದಳು, “ರೀ, ಈ ಗೋಡೆ ಒಂದು ಸರಿಯಾದ್ರೆ ಅವ್ವ ಚಿಕ್ಕಮ್ಮನ ಅಂಗಳದಲ್ಲೇ ಗಾಡಿಯೊಳಗೆ ಮಲಗ್ಬೋದು.”

“ಗೋಡೆ ಸರಿಮಾಡೋದು ಅಂದ್ರೆ ರೊಟ್ಟಿ ತಟ್ಟಿದ ಹಾಗಾ? ಮುಂದಿನ ವರ್ಷ ನೋಡಾನ.”

“ಮಳೆ ಹಿಡಿದ್ರೆ ನಮ್ಮೂರಲ್ಲಿ ಬಟ್ಟೆನೇ ಒಣಗಲ್ಲ, ಹಲಗೆ ಒಣಗ್ತದಾ? ಚಿಕ್ಕಮ್ಮ ಇನ್ನೊಂದು ಮಳೆಗಾಲ ಕಾಣ್ತಾರೋ ಇಲ್ವೋ.”

ಅತ್ತೆ ಅಲ್ಲೇ ಕರಿಮೆಣಸು ಕೇರುತ್ತಿದ್ದರು. ತಲೆ ಎತ್ತಲಿಲ್ಲ. ಆದರೆ ಮೊರ ನಿಂತುಹೋಯಿತು. ಅದನ್ನು ಕಂಡು ನಾನು ಒಪ್ಪಿದೆ.

ಆ ಸಂಜೆ ಸುಮಿತಾ ಮೊಬೈಲಿನಲ್ಲಿ ಯಾವುದೋ ವಿಡಿಯೋ ಹಾಕಿದಳು. ವಿನೆಗರ್ ಹಾಕಿ ಒರೆಸಿದರೆ ಬೂಷ್ಟು ಸಾಯುತ್ತದೆ ಎಂದು ಒಬ್ಬ ಹೇಳಿದ. ವಿನೆಗರ್ ಎಂದರೇನು ಎಂದು ಅತ್ತೆ ಕೇಳಿದರು. ಅಡುಗೆಗೆ ಬಿಡುವ ಹುಳಿ ಎಂದಳು ಮಗಳು. ಮರುದಿನ ನಾವಿಬ್ಬರೂ ಕೆಲಸಕ್ಕೆ ಹೋದೆವು. ಸಂಜೆ ಬಂದಾಗ ಪಕ್ಕದ ಮನೆಯ ಸಾಂತಪ್ಪ ನಮ್ಮ ಬೇಲಿಯ ಬಳಿ ಮೂಗು ಅರಳಿಸಿಕೊಂಡು ನಿಂತಿದ್ದ.

“ಏನ್ ಅಶೋಕಣ್ಣ, ಹಂದಿ ಸಾರು ಜೋರಾ? ನಮ್ಮನ್ನ ಕರೀಲೇ ಇಲ್ಲ!”

ಓಡಿ ಹೋಗಿ ಗಾಡಿಯ ಬಾಗಿಲು ತೆಗೆದೆ. ಗೋಡೆಯಿಡೀ ಕಾಚಂಪುಳಿ! ಹಂದಿ ಸಾರಿಗೆ ಚಮಚ ಲೆಕ್ಕದಲ್ಲಿ ಬಿಡುವ ಆ ಮಂದ ಕಪ್ಪು ಹುಳಿಯನ್ನು ಅತ್ತೆ ಮೂಗಿಗೆ ಸೆರಗು ಕಟ್ಟಿಕೊಂಡು ಬಾಟಲಿಗಟ್ಟಲೆ ಬಳಿದಿದ್ದರು. ಪ್ಲೈವುಡ್ ಅದನ್ನು ಕುಡಿದು ಕಾಡೆಮ್ಮೆಯ ಬಣ್ಣಕ್ಕೆ ತಿರುಗಿತ್ತು. ಆಗಲೇ ಇರುವೆಗಳ ಸಾಲು ಬೇರೆ.

“ಅತ್ತೇ, ಇದು ಗೋಡೆನೋ ಬಾಣಲೆನೋ?” ಎಂದು ಕೂಗಾಡಿದೆ. ಕೋಪ ಬಂದರೆ ನನ್ನ ಬಾಯಿಗೆ ಬೀಗವಿಲ್ಲ. ಅತ್ತೆ ಖಾಲಿ ಬಾಟಲಿ ಹಿಡಿದು ನಿಂತಿದ್ದರು. ವರ್ಷಕ್ಕೆಂದು ತಾವೇ ಕುದಿಸಿ ಇಳಿಸಿಟ್ಟಿದ್ದ ಹುಳಿ ಅದು. ನಮಗೇ ಅಳೆದು ಕೊಡುತ್ತಿದ್ದರು.

“ಬೇಗ ಆಗ್ಲಿ ಅಂತ ಮಾಡ್ದೆ ಕಣಪ್ಪ” ಎಂದರು ಮೆಲ್ಲಗೆ.

ಮರುದಿನವೇ ರಜೆ ಹಾಕಿದೆ. ಮೊದಲು ಕಿಟಕಿಗಳಿಗೆ ಹೊಸ ರಬ್ಬರ್ ಹಾಕಿಸಿದೆ. ನೀರು ಬರುವ ದಾರಿ ಮುಚ್ಚದೆ ಬಣ್ಣ ಬಳಿದರೆ ಗಾಯ ತೊಳೆಯದೆ ಬಟ್ಟೆ ಕಟ್ಟಿದಂತೆ. ಆಮೇಲೆ ಸ್ಕ್ರೂ ಬಿಚ್ಚಿ ಹಲಗೆಗಳನ್ನೆಲ್ಲ ಕಾಫಿ ಕಣಕ್ಕೆ ಸಾಗಿಸಿದೆವು. ಎದ್ದಿದ್ದ ಸನ್‌ಮೈಕಾವನ್ನು ಸುಮಿತಾ ಕಿತ್ತಳು. ಕೊಳೆತ ಎರಡು ಹಲಗೆಗೆ ಬದಲಾಗಿ ಹೊಸ ಪ್ಲೈವುಡ್ ಕತ್ತರಿಸಿದೆ. ಉಳಿದವನ್ನು ಒರೆಸಿ ನೆರಳಿನಲ್ಲಿ ಒರಗಿಸಿ ಒಣಗಿಸಿ, ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿದೆವು. ಅತ್ತೆಯನ್ನು ಧೂಳಿನ ಹತ್ತಿರ ಬಿಡಲಿಲ್ಲ. ಅವರು ದೂರದ ಮೋಟುಗೋಡೆಯ ಮೇಲೆ ಕೂತು, ಕಾಫಿ ಕಾಯುವಂತೆಯೇ ಹಲಗೆ ಕಾದರು. ಕೋಳಿ ಬಂದರೆ ಹೂಶ್, ನಾಯಿ ಬಂದರೆ ಹಚಾ!

ಪುಟ್ಟಿ, ಪ್ರೈಮರ್ ಆದ ಮೇಲೆ ವಾಸನೆ ಕಡಿಮೆಯದೆಂದು ಅಂಗಡಿಯವರು ಕೊಟ್ಟ ನೀರಿನ ಪೇಂಟನ್ನು ಎರಡು ಕೋಟು ಹೊಡೆದೆವು. ಕಾಫಿ ಹೂವಿನ ಬಿಳಿ ಬೇಕೆಂದು ಆರಿಸಿದವರು ಅತ್ತೆಯೇ. ಹಲಗೆ ಕೂರಿಸಿ ಮುಗಿದದ್ದೇ ತಡ, ಸೀರೆ ಬದಲಾಯಿಸಿ ಬಂದು ಮಂಚದ ಮೇಲೆ ಕುಳಿತುಬಿಟ್ಟರು. “ಚೆನ್ನಾಗದೆ. ಏನೂ ಆಗ್ತಿಲ್ಲ. ನಾಳೆನೇ ಹೋಗಾನ” ಎಂದರು.

ಸುಮಿತಾ ಹಿಗ್ಗಿದಳು. ನಾನು ಅತ್ತೆಯ ಮುಖ ನೋಡಿದೆ. ಕೇಳಿದ್ದಕ್ಕೆಲ್ಲ ಈಗ ಬರೀ ತಲೆಯಾಡಿಸುತ್ತಿದ್ದರು. ಮಾತಿಗೆ ಬಾಯಿ ತೆರೆದರೆ ಕೆಮ್ಮು ಹೊರಬರುತ್ತದಲ್ಲ! ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ತುಂಬಿತ್ತು. ತೋಳು ಹಿಡಿದು ಹೊರಗೆ ಕರೆತಂದೆ. ಕಣದ ನಡುವೆ ಬಗ್ಗಿ ನಿಂತು ಅವರು ಕೆಮ್ಮಿದ ಕೆಮ್ಮಿಗೆ ಸುಮಿತಾಗೆ ಅಳುವೇ ಬಂದುಬಿಟ್ಟಿತು.

ಉಸಿರು ತಹಬಂದಿಗೆ ಬಂದ ಮೇಲೆ ಅತ್ತೆ ನನ್ನ ಕೈ ಹಿಡಿದರು. “ಬೇಡ ಅನ್ಬೇಡ ಅಶೋಕಪ್ಪ. ಸಾಯೋದಾದ್ರೂ ಅವಳ ಪಕ್ಕದಲ್ಲಿ ಸಾಯ್ತೀನಿ.”

“ಸಾಯಕ್ಕೆ ಕರ್ಕೊಂಡು ಹೋಗಕೆ ನಾನೇನು ಆಂಬುಲೆನ್ಸ್ ಡ್ರೈವರಾ? ಸುಮ್ಕಿರಿ. ವಾಸನೆ ಹೋಗ್ಲಿ, ಹೋಗಾನ” ಎಂದೆ. ಗದರಿದ್ದು ಹೌದು. ಆ ಕೈ ಬಿಡಲು ಮಾತ್ರ ಮನಸ್ಸಾಗಲಿಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಹಗಲೆಲ್ಲ ಗಾಡಿಯ ಬಾಗಿಲು, ಕಿಟಕಿ ತೆರೆದಿಟ್ಟೆವು. ಅತ್ತೆಯ ಒಳ್ಳೆಯ ಮಾತನ್ನು ನಂಬದೆ, ಒಳಗೆ ಕೂರಿಸಿ ಒಂದು ಹಾಡು ಪೂರ್ತಿ ಹೇಳಲಾಗುತ್ತದೋ ಎಂದು ದಿನಾ ಪರೀಕ್ಷೆ ಮಾಡಿದೆ. ಮೊದಲ ಸಲ ಒಂದೇ ಸಾಲಿಗೆ ಕೆಮ್ಮು ಬಂತು. ಆಮೇಲಾಮೇಲೆ ಹಾಡು ಉದ್ದವಾಯಿತು. ಕೊನೆಯವರೆಗೂ ಹಾಡಿ ಮುಗಿಸಿದ ದಿನ ಗಾಡಿ ಹೊರಡಿಸಿದೆ.

ಸೋಮವಾರಪೇಟೆ ದಾಟಿ ಮಧ್ಯಾಹ್ನದ ಹೊತ್ತಿಗೆ ಚಿಕ್ಕತ್ತೆಯ ಮನೆ ಮುಟ್ಟಿದೆವು. ಒಲೆಯ ಹೊಗೆ ತಾಗದ ಕಡೆ, ಹಲಸಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ಚಿಕ್ಕತ್ತೆಯ ಸೊಸೆ ಉಷಾರಾಣಿ ಮಂಚಕ್ಕೆ ಹೊಸ ದುಪ್ಪಟಿ ಹಾಸಿದಳು. ಚಿಕ್ಕತ್ತೆಯನ್ನು ನಾನೇ ಎತ್ತಿ ತಂದು ಅದರ ಮೇಲೆ ಮಲಗಿಸಿದೆ. ಮೈಯಲ್ಲಿ ಭಾರವೇ ಇರಲಿಲ್ಲ. ಅತ್ತೆ ಪಕ್ಕದಲ್ಲಿ ಒರಗಿದರು. ಅಕ್ಕತಂಗಿಯರು ಒಂದೇ ಹಾಸಿಗೆ ಕಂಡು ಎಷ್ಟು ಕಾಲವಾಗಿತ್ತೋ!

ನಾವು ಹೊರಗೆ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತೆವು. ಒಳಗೆ ಸತ್ತವರ, ಹೆತ್ತವರ, ಮೊಟ್ಟೆ ಇಡದ ಕೋಳಿಯ ಸುದ್ದಿಯೆಲ್ಲ ಆಯಿತು. ಮಾತು ನಿಧಾನವಾಗಿ ನಿಂತಿತು. ಆಮೇಲೆ ಇದ್ದಕ್ಕಿದ್ದಂತೆ ಚಿಕ್ಕತ್ತೆಯ ತೊದಲು ದನಿ ಕಿರುಚಿತು: “ಸುಮಿತಾ! ಬನ್ರೋ! ಅಕ್ಕಂಗೆ ಏನೋ ಆಯ್ತು!”

ಕಾಫಿ ಚೆಲ್ಲಿ ಒಳಗೆ ನುಗ್ಗಿದೆ. ಚಿಕ್ಕತ್ತೆ ಸ್ವಾಧೀನವಿರುವ ಒಂದೇ ಕೈಯಿಂದ ಅಕ್ಕನ ಭುಜವನ್ನು ಅಲುಗಿಸುತ್ತಿದ್ದರು. ಅತ್ತೆ ಕಣ್ಣು ಬಿಟ್ಟು ಸಿಡುಕಿದರು. “ಏನೇ ನಿನ್ನ ಗೋಳು? ಈಗ ಕಣ್ಣು ಹತ್ತಿತ್ತು!”

“ಉಸಿರಿನ ಸದ್ದೇ ಇಲ್ವಲ್ಲಕ್ಕ” ಎಂದು ಚಿಕ್ಕತ್ತೆ ಬಿಕ್ಕಿದರು. “ಹುಟ್ಟಿದಾಗಿಂದ ಮದ್ವೆ ತನಕ ನಿನ್ನ ಪಕ್ಕನೇ ಮಲಗಿದೋಳು ನಾನು. ಕುಯ್ಯೋ ಅನ್ನದೆ ನೀನು ನಿದ್ದೆ ಮಾಡಿದ್ದು ಒಂದಿನ ಕಂಡಿಲ್ಲ. ಹೋಗ್ಬಿಟ್ಟೆ ಅಂದ್ಕಂಡೆ.”

ಅತ್ತೆ ತಂಗಿಯ ಕೈಯನ್ನು ತೆಗೆದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. “ನೋಡು, ಇದೀನಿ” ಎಂದರು.

ಬಿಕ್ಕು ನಿಂತ ಸ್ವಲ್ಪ ಹೊತ್ತಿಗೆ ನಿದ್ದೆ ಹೋದವರು ಚಿಕ್ಕತ್ತೆ. ಅತ್ತೆ ಎದ್ದೇ ಇದ್ದರು, ಆ ಕೈ ಎದೆಯಿಂದ ಜಾರದ ಹಾಗೆ ಹಿಡಿದುಕೊಂಡು.